ಸೆರಗಿನ ಗಂಟಿನ ಬೀಜ

ತಂಬಾಕಿನ ಬೀಜ ಕಸಕಸಿಗಿಂತ ಸಣ್ಣದು. ಒಂದು ಗ್ರಾಂ ತೂಗಿದರೆ ಹತ್ತು ಸಾವಿರಕ್ಕೂ ಹೆಚ್ಚು ಬೀಜ. ನಮ್ಮ ಆಯಿ, ಅಂದರೆ ಅಜ್ಜಿ, ಮದುವೆಯಾಗಿ ಔರಾದ ಕಡೆಯ ತವರಿನಿಂದ ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಗೆ ಬರುವಾಗ ಸೆರಗಿನ ತುದಿಗೆ ಗಂಟು ಹಾಕಿ ಒಂದು ಚಿಟಿಕೆ ತಂದಿದ್ದಳಂತೆ. ಆ ಚಿಟಿಕೆಯಿಂದ ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಹಿತ್ತಲಲ್ಲಿ ತಂಬಾಕು ಬೆಳೆಯಿತು.

ನಾನು ಕಣ್ಣಾರೆ ಕಂಡದ್ದು 1960ರ ದಶಕದ ಕೊನೆಯಿಂದ. ನಮ್ಮೂರಲ್ಲಿ ಹೊಲಕ್ಕೆ ತಂಬಾಕು ಹಾಕುವವರು ಇರಲಿಲ್ಲ. ಹೊಲ ಇದ್ದದ್ದು ಜೋಳಕ್ಕೆ, ತೊಗರಿಗೆ, ಉದ್ದಿಗೆ, ಕಡಲೆಗೆ. ತಂಬಾಕು ಹಿತ್ತಲ ಬೆಳೆ. ತಿಪ್ಪೆಯ ಮಗ್ಗುಲಿಗೆ, ಬಚ್ಚಲ ನೀರು ಹರಿದುಹೋಗುವ ಕಡೆ, ಮೂವತ್ತು ನಲವತ್ತು ಗಿಡ. ಮನೆಮಂದಿಗೆ, ಬೀಗರಿಗೆ, ಕಟ್ಟೆಗೆ ಬಂದು ಕೂತವರಿಗೆ ವರ್ಷವಿಡೀ ಸಾಕಾಗುತ್ತಿತ್ತು. ದುಡ್ಡು ಕೊಟ್ಟು ಕೊಳ್ಳುವ ತಂಬಾಕು ನಿಪ್ಪಾಣಿಯದು. ಅದನ್ನು ಸಂತೆಯಲ್ಲಿ ಕೊಂಡವರನ್ನು ಮುತ್ಯಾ, ನಮ್ಮ ಅಜ್ಜ, ಸ್ವಲ್ಪ ಕನಿಕರದಿಂದ ನೋಡುತ್ತಿದ್ದ, ಹಿತ್ತಲಿಲ್ಲದವರು ಪಾಪ ಎಂಬಂತೆ.

ಮಿರಗ ಮಳೆಗೆ ನೆಲ ತಣಿದ ಮೇಲೆ, ಆರಿದ್ರಾದಲ್ಲಿ ಸಸಿಮಡಿ. ಮೊಳ ಅಗಲ, ಗೇಣು ಎತ್ತರ. ಬೀದರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದು ಹೋಗುತ್ತದೆ. ಮಡಿ ಎತ್ತರ ಇಲ್ಲದಿದ್ದರೆ ನೀರು ನಿಂತು, ಸಸಿಗಳು ಬುಡ ಕೊಳೆತು ಒಂದೇ ರಾತ್ರಿಯಲ್ಲಿ ನೆಲಕ್ಕೆ ಒರಗುತ್ತವೆ. ಬೀಜಕ್ಕೆ ಒಲೆಯ ಬೂದಿ ಬೆರೆಸಿ, ಉಪ್ಪು ಉದುರಿಸುವ ಹಾಗೆ ಮುತ್ಯಾ ಉದುರಿಸುತ್ತಿದ್ದ. ನಾನು ಒಮ್ಮೆ ಮೇಲೆ ಮಣ್ಣು ಎಳೆಯಲು ಹೋದೆ. ಕೈ ಹಿಡಿದುಬಿಟ್ಟ.

"ಮಣ್ಣ ಮುಚ್ಚಬ್ಯಾಡೋ ತಮ್ಮಾ. ಬೆಳಕ ಕಾಣ್ದಿದ್ರ ಅದು ಏಳಂಗಿಲ್ಲ."

ಆ ಮಾತು ನನ್ನಲ್ಲಿ ಉಳಿದುಬಿಟ್ಟಿದೆ. ಎಷ್ಟೋ ವರ್ಷದ ನಂತರ ಕೃಷಿ ಪುಸ್ತಕದಲ್ಲಿ ಅದನ್ನೇ ಓದಿದೆ: ತಂಬಾಕಿನ ಬೀಜ ಮೊಳೆಯಲು ಬೆಳಕು ಬೇಕು, ಆಳಕ್ಕೆ ಬಿದ್ದರೆ ಸುಮ್ಮನೆ ಮಲಗಿರುತ್ತದೆ.

ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ ಸಸಿ ಕಿತ್ತು ನೆಡುವುದು. ದೀಪಾವಳಿ ಹತ್ತಿರ ಬಂದಂತೆ ಗಿಡ ನನ್ನ ಎದೆಯೆತ್ತರ ಆಗಿ ಮೊಗ್ಗು ಹಾಕುತ್ತಿತ್ತು. ತಿಳಿಗುಲಾಬಿ ಹೂ, ನೋಡಲು ಚೆಂದ. ಆದರೆ ಬೀಜಕ್ಕೆಂದು ಎರಡು ಗಿಡ ಬಿಟ್ಟು ಉಳಿದೆಲ್ಲದರ ಕುಡಿಯನ್ನು ಮುತ್ಯಾ ಚಿವುಟಿಬಿಡುತ್ತಿದ್ದ. ಕುಡಿ ಹೋದರೆ ಎಲೆಯ ಕಂಕುಳಲ್ಲಿ ಚಿಗುರು ಒಡೆಯುತ್ತದೆ, ವಾರಕ್ಕೊಮ್ಮೆ ಅದನ್ನೂ ತೆಗೆಯಬೇಕು. ಆಗಲೇ ಎಲೆ ದಪ್ಪವಾಗಿ ಖಾರ ಕೂಡುವುದು. ಚಿವುಟಿದ ಬೆರಳಿಗೆ ಅಂಟು ಮೆತ್ತಿಕೊಂಡು ಕಪ್ಪಾಗುತ್ತಿತ್ತು. ಸಾಬೂನಿಗೆ ಜಗ್ಗದ ಅಂಟು. ಆಯಿ ಹುಣಸೆಹಣ್ಣಿಗೆ ಬೂದಿ ಕಲಸಿ ತಿಕ್ಕಿ ತೊಳೆಯುತ್ತಿದ್ದಳು.

ಎಲೆಯ ಅಡಿಗೆ ಬೂದು ನೂಲು ಹೊದ್ದ ಹಾಗೆ ಮೊಟ್ಟೆಯ ಗುಂಪು ಕಂಡರೆ ಎಲೆ ಸಮೇತ ಕಿತ್ತು ಹೂಳಬೇಕು. ತಡವಾದರೆ ಮರಿಹುಳುಗಳು ಎಲೆಯ ಹಸಿರೆಲ್ಲ ಕೆರೆದು ಜಾಲರಿ ಮಾಡಿ ಇಡುತ್ತವೆ. ಈ ಹುಳುವಿನ ಮಾತು ಮುಂದೆ ಬರುತ್ತದೆ.

ಎಳ್ಳಮಾಸಿಗೆ ಹೊಲಕ್ಕೆ ಹೋಗಿ, ಭಜ್ಜಿ ಸಜ್ಜಿರೊಟ್ಟಿ ಉಂಡು, ಚರಗ ಚೆಲ್ಲಿ ಬಂದ ಮೇಲೆ ಎಲೆ ಕೀಳುವ ಕಾಲ. ಎಲೆಯ ಮೈ ಸುಕ್ಕಾಗಿ, ಕಂದು ಚುಕ್ಕಿ ಮೂಡಿ, ಮಡಚಿದರೆ ಟಕ್ಕೆಂದು ಮುರಿಯಬೇಕು. ನನಗೆ ಒಂಬತ್ತು ವರ್ಷ ಇದ್ದಾಗ ಒಂದು ಸಲ ಆ ಹೊತ್ತಿನಲ್ಲಿ ಅಕಾಲದ ಮಳೆ ಹಿಡಿಯಿತು. ಎಲೆ ಹಾಳಾಗುತ್ತದೆ ಎಂದು ಬೆಳಗ್ಗೆಯೇ ಕೀಳತೊಡಗಿದರು. ನಾನೂ ಬರಿಮೈಯಲ್ಲಿ, ತೊಟ್ಟಿಕ್ಕುವ ಎಲೆಗಳನ್ನು ಎದೆಗವಚಿಕೊಂಡು ಪಡಸಾಲೆಗೆ ಹೊತ್ತೆ. ಹತ್ತೋ ಹನ್ನೆರಡೋ ಸಲ ಓಡಾಡಿರಬೇಕು. ಹೊತ್ತೇರುವಷ್ಟರಲ್ಲಿ ಬಾಯಲ್ಲಿ ನೀರು ಕಿತ್ತುಕೊಂಡು ಬಂತು, ತಲೆ ಗರಗರ ತಿರುಗಿತು, ಮೈಯೆಲ್ಲ ತಣ್ಣಗೆ ಬೆವರಿ, ಕರುಳು ಬಾಯಿಗೆ ಬರುವ ಹಾಗೆ ವಾಂತಿ. ಸಂಜೆಯವರೆಗೆ ಎದ್ದು ಕೂಡಲಿಕ್ಕೂ ಆಗಲಿಲ್ಲ. ಹಸಿ ಎಲೆಯ ವಿಷ ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ತಂಬಾಕಿನ ಹೊಲಗಳಲ್ಲಿ ದುಡಿಯುವವರಿಗೆ ಜಗತ್ತಿನ ಎಲ್ಲ ಕಡೆ ಆಗುವ ಕಾಯಿಲೆ ಇದು. ಆಯಿ ನನ್ನ ಮೈ ತೊಳೆದು, ಕೌದಿ ಹೊದಿಸಿ, ಮುತ್ಯಾನ ಮೇಲೆ ಹರಿಹಾಯ್ದಳು.

"ಹಸಿ ಎಲಿ ತೋಯ್ದಾಗ ಕೂಸಿನ ಕೈಲಿ ಹೊರಸ್ತಾರೇನ್ರಿ? ನಿಮಗ ತಿಳಿಲಾರದ್ದೇನಲ್ಲ!"

ಮುತ್ಯಾ ಉತ್ತರ ಕೊಡಲಿಲ್ಲ. ಆ ರಾತ್ರಿ ಅವನು ತಂಬಾಕಿನ ಚಂಚಿ ಬಿಚ್ಚಿದ್ದನ್ನು ನಾನು ನೋಡಲಿಲ್ಲ.

ಹಸಿ ಎಲೆಗೆ ಇಬ್ಬನಿ ಆಗದು, ಒಣಗಿದ ಎಲೆಗೆ ಇಬ್ಬನಿಯೇ ಬೇಕು. ಮಾಳಿಗೆಯ ಮೇಲೆ ಹರಡಿದ ಎಲೆ ಬಿಸಿಲಿಗೆ ಒಣಗಿ ಹಪ್ಪಳದಂತಾಗಿ, ಮುಟ್ಟಿದರೆ ಪುಡಿ. ಅದಕ್ಕೇ ಬೆಳಗಿನ ಜಾವ, ನಕ್ಷತ್ರ ಇರುವಾಗಲೇ ಆಯಿ ನನ್ನನ್ನು ಎಬ್ಬಿಸುತ್ತಿದ್ದಳು. ಇಬ್ಬನಿ ಕುಡಿದ ಎಲೆ ಆಗ ಹಳೆಯ ಸೀರೆಯಷ್ಟು ಮೆತ್ತಗೆ. ಎಲೆಯ ಮೇಲೆ ಎಲೆ ಇಟ್ಟು, ತೊಟ್ಟು ಸೇರಿಸಿ ಕಟ್ಟಿ, ಕೆಳಗಿಳಿಸಿ, ಕತ್ತಲೆ ಕೋಣೆಯಲ್ಲಿ ಜೋಳದ ಕಣಿಕೆ ಮುಚ್ಚಿ ಒಟ್ಟುವುದು. ಎರಡು ದಿನಕ್ಕೆ ಒಟ್ಟಿನ ಒಳಗೆ ಕಾವು ಏಳುತ್ತದೆ. ಆಯಿ ಮೊಳಕೈವರೆಗೆ ಕೈ ಹಾಕಿ, ಕಣ್ಣು ಮುಚ್ಚಿ ನೋಡುತ್ತಿದ್ದಳು. ಕಾವು ಹೆಚ್ಚಾಯಿತು ಅನ್ನಿಸಿದರೆ ಒಟ್ಟು ಬಿಚ್ಚಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮೊದಲು ಕಸದ ವಾಸನೆ, ಆಮೇಲೆ ಮೂಗು ಉರಿಸುವ ಘಾಟು, ಕೊನೆಗೆ ಒಂದು ದಿನ ಇಡೀ ಕೋಣೆ ಹಳೆಯ ಬೆಲ್ಲದ ಹಾಗೆ ಘಮ್ಮೆನ್ನುತ್ತಿತ್ತು. ಮೋಡ ಕವಿದ ವರ್ಷ ಅಷ್ಟೂ ಬೂಸಲು ಹಿಡಿದು ತಿಪ್ಪೆಗೆ ಹೋದದ್ದೂ ಉಂಟು.

ಔರಾದಿನ ಕರಿಮಣ್ಣಿನ ಎಲೆಯನ್ನೂ ನಮ್ಮದನ್ನೂ ಮುತ್ಯಾ ಹೋಲಿಸಿ ನೋಡುತ್ತಿದ್ದ. ಅಲ್ಲಿನ ಅಮರೇಶ್ವರ ಜಾತ್ರೆಗೆ ಹೋದಾಗ ಆಯಿಯ ಅಣ್ಣ ಒಂದು ಕಟ್ಟು ಕೊಡುತ್ತಿದ್ದ, ಮುತ್ಯಾ ಒಂದು ಕಟ್ಟು ಒಯ್ಯುತ್ತಿದ್ದ. ಇಬ್ಬರೂ ಎದುರುಬದುರು ಕೂತು ಸುಣ್ಣ ಹಚ್ಚಿ ತಿಕ್ಕಿ, ಕೆಳತುಟಿಗಿಟ್ಟುಕೊಂಡು, ಬಹಳ ಹೊತ್ತು ಮಾತಿಲ್ಲ. ಆಮೇಲೆ "ನಿಮ್ದ ಖಾರ ಅದ ಮಾವಾ" ಎಂದು ಒಬ್ಬರು ಒಪ್ಪಿಕೊಳ್ಳುವುದು.

ತಂಬಾಕಿನ ಸುಂಕದ ಕಥೆಯನ್ನೂ ಮುತ್ಯಾ ಹೇಳುತ್ತಿದ್ದ. ಬ್ರಿಟಿಷ್ ಇಂಡಿಯಾದಲ್ಲಿ 1943ರಲ್ಲಿ ತಂಬಾಕಿಗೆ ಅಬಕಾರಿ ಸುಂಕ ಬಂತು. ನಾವಿದ್ದ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ನಮಗೂ ಅದೇ ಕಾನೂನು. ಬೆಳೆದವರು ಬರೆಸಬೇಕು, ಒಣಗಿಸಿದ್ದನ್ನು ತೂಗಿಸಬೇಕು. ಜೀಪಿನ ಸದ್ದು ಕೇಳಿದರೆ ಹಿತ್ತಲ ಬಾಗಿಲು ಹಾಕುತ್ತಿದ್ದರಂತೆ. ಎಲೆಯ ಮೇಲಿನ ಆ ಸುಂಕ 1979ರ ಬಜೆಟ್ಟಿನಲ್ಲಿ ಹೋಯಿತು. ಬೆಳೆಯುವವರ ಸಂಕಟ ಹೋಗಲಿಲ್ಲ. ಎರಡೇ ವರ್ಷಕ್ಕೆ, 1981ರ ಏಪ್ರಿಲಿನಲ್ಲಿ, ಬೆಲೆ ಕೇಳಿ ರಸ್ತೆಗಿಳಿದ ನಿಪ್ಪಾಣಿ ರೈತರ ಮೇಲೆ ಗೋಲಿಬಾರ್ ಆಗಿ ಜನ ಸತ್ತರು. ರೇಡಿಯೋದಲ್ಲಿ ಸುದ್ದಿ ಕೇಳಿ ಮುತ್ಯಾ ಊಟ ಬಿಟ್ಟು ಎದ್ದ.

ನಾನು ಹೈಸ್ಕೂಲಿಗೆಂದು ಬೀದರಿಗೆ ಬಂದದ್ದು 1973ರಲ್ಲಿ, ಬರಗಾಲದ ಮರುವರ್ಷ. ತಿಂಗಳಿಗೊಮ್ಮೆ ಮುತ್ಯಾ ಜೋಳದ ಚೀಲ ಹೊತ್ತು ಬರುತ್ತಿದ್ದ. ಚೌಬಾರಾದ ಬಳಿ ಬಿದರಿ ಕೆಲಸದವರ ಅಂಗಡಿಯ ಮುಂದೆ ನಿಂತು ಹುಕ್ಕಾದ ಬುಡ ನೋಡುವುದು ಅವನಿಗೆ ಬಹಳ ಇಷ್ಟ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂಡಿಸಿ, ಕೋಟೆಯೊಳಗಿನ ಮಣ್ಣು ಮತ್ತು ನವಸಾಗರದಿಂದ ಕಪ್ಪು ಬರಿಸುವ ಕಲೆ. ತಂಬಾಕಿನ ಚಟ ದಖ್ಖನಿನ ಅರಮನೆಗಳಿಗೆ ಹತ್ತದಿದ್ದರೆ ನಮ್ಮೂರ ಬಿದರಿಗೆ ಅಷ್ಟು ಬೇಡಿಕೆ ಇರುತ್ತಿತ್ತೋ ಇಲ್ಲವೋ. ಅಕ್ಬರನ ದೂತ ಅಸದ್ ಬೇಗ್ ಆಗ್ರಾಕ್ಕೆ ತಂಬಾಕು ಒಯ್ದದ್ದೂ ವಿಜಯಪುರದಿಂದಲೇ, 1604ರ ಸುಮಾರಿಗೆ. ಈಗ ಬಿದರಿಯವರು ಹುಕ್ಕಾ ಬಿಟ್ಟು ಹೂದಾನಿ, ಪೆನ್ನಿನ ಸ್ಟ್ಯಾಂಡು ಮಾಡುತ್ತಾರೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನನಗೆ ಮುತ್ಯಾ ನೆನಪಾದ.

ಚೌಬಾರಾದಿಂದ ನಾವು ಗುರುದ್ವಾರಕ್ಕೆ, ನಾನಕ್ ಝಿರಾಕ್ಕೆ, ನೀರು ಕುಡಿಯಲು ಹೋಗುತ್ತಿದ್ದೆವು. ಸಿಖ್ಖರಿಗೆ ತಂಬಾಕು ನಿಷಿದ್ಧ. ಮುತ್ಯಾ ಹೊರಗೇ ಬಾಯಿ ಮುಕ್ಕಳಿಸಿ, ಸೊಂಟದ ಚಂಚಿ ಬಿಚ್ಚಿ ನನ್ನ ಕೈಗಿಟ್ಟು, ತಲೆಗೆ ರುಮಾಲು ಸರಿಮಾಡಿಕೊಂಡು ಒಬ್ಬನೇ ಒಳಗೆ ಹೋಗುತ್ತಿದ್ದ. ಅವನು ಬಂದ ಮೇಲೆ ನಾನು. ಯಾರೂ ಅವನನ್ನು ತಡಕಿ ನೋಡುತ್ತಿರಲಿಲ್ಲ. ಆದರೂ ಒಂದು ಸಲವೂ ಅದನ್ನು ಒಳಗೆ ಒಯ್ಯಲಿಲ್ಲ.

ಆಯಿ ತಂಬಾಕು ಅಗಿಯುತ್ತಿರಲಿಲ್ಲ. ಅವಳದು ಮಿಸ್ರಿ. ಗಡಿನಾಡಿನ ಹೆಂಗಸರ ಬೆಳಗು ಅದರಿಂದಲೇ. ಹಂಚಿನ ಮೇಲೆ ಎಲೆಯ ಚೂರು ಕರ್ರಗೆ ಹುರಿದು, ಪುಡಿ ಮಾಡಿ ಡಬ್ಬಿಗೆ ತುಂಬುವುದು. ಹಲ್ಲಿಗೆ, ಒಸಡಿಗೆ ತಿಕ್ಕಿಕೊಂಡು ಗೋಡೆಗೊರಗಿ ಕೂತರೆ ಅಷ್ಟು ಹೊತ್ತು ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ದಿನಕ್ಕೆ ಮೊದಲು ಎರಡು ಸಲ ಇದ್ದದ್ದು ನಾಲ್ಕಾಯಿತು, ಆರಾಯಿತು. 1984ರ ಬೇಸಿಗೆಯಲ್ಲಿ ಖಾರ ತಿಂದರೆ ಉರಿ ಎಂದಳು. ಒಸಡಿನ ಮೇಲೆ ಬಿಳಿಯ ಕಲೆ ಇತ್ತು. ಬಾಯಿಹುಣ್ಣು ಎಂದು ಬೆಣ್ಣೆ ಹಚ್ಚಿದೆವು, ತುಪ್ಪ ಹಚ್ಚಿದೆವು, ಮಳೆಗಾಲ ಕಳೆದೆವು. ಹೈದರಾಬಾದಿಗೆ ಒಯ್ಯುವ ಹೊತ್ತಿಗೆ ದವಡೆಗೆ ಇಳಿದಿತ್ತು. 1985ರಲ್ಲಿ ಹೋದಳು. ಕೊನೆಯ ಎರಡು ತಿಂಗಳು ಬಟ್ಟೆಯ ತುದಿಯಿಂದ ಹಾಲು ಹಿಂಡಿ ಕುಡಿಸಿದೆವು. ಆ ಬೀಜ ತಂದವಳು ಅವಳು, ಒಟ್ಟಿನ ಕಾವು ಕೈಯಲ್ಲೇ ಅಳೆದವಳು ಅವಳು. ಮನೆಯಲ್ಲಿ ಬೆಳೆದ ತಂಬಾಕು ಶುದ್ಧ, ಅಂಗಡಿಯದೇ ಕೆಟ್ಟದ್ದು ಎಂದು ಈಗಲೂ ಕೆಲವು ಹಿರಿಯರು ನನ್ನೆದುರು ಹೇಳುತ್ತಾರೆ. ನಾನು ಸುಮ್ಮನಿರುವುದಿಲ್ಲ. ನಮ್ಮಾಯಿಯ ಬಾಯಿ ಹೇಗಿತ್ತೆಂದು ಹೇಳುತ್ತೇನೆ.

ಮರುವರ್ಷ ಆರಿದ್ರಾ ಬಂದಾಗ ಮುತ್ಯಾ ಮಡಿ ಮಾಡಲಿಲ್ಲ. ಬೀಜದ ಸೀಸೆಯನ್ನು ಗೋಡೆಯ ಗೂಡಿನಲ್ಲಿಟ್ಟು ಮಣ್ಣು ಮೆತ್ತಿಬಿಟ್ಟ ಎಂದು ಅವ್ವ ಹೇಳಿದಳು. ಅದೇ ವರ್ಷಗಳಲ್ಲಿ ಊರಿನ ಉಳಿದ ಹಿತ್ತಲುಗಳೂ ಖಾಲಿಯಾದವು. ಅದಕ್ಕೆ ನಮ್ಮ ದುಃಖ ಕಾರಣವಲ್ಲ. ಕಿರಾಣಿ ಅಂಗಡಿಯಲ್ಲಿ ಗುಟ್ಕಾದ ಹೊಳೆಯುವ ಪೊಟ್ಟಣಗಳ ಸರ ತೂಗತೊಡಗಿತ್ತು. ಎಂಟು ತಿಂಗಳ ಕೆಲಸ ಯಾರಿಗೆ ಬೇಕು? ಮುತ್ಯಾನ ಕಾಲದಲ್ಲಿ ಎಲೆ ತೀರಿದರೆ ಮುಂದಿನ ಎಳ್ಳಮಾಸಿವರೆಗೆ ತೀರಿತು ಎಂದೇ ಲೆಕ್ಕ. ಆಷಾಢ ಬಂತೆಂದರೆ ಚಿಟಿಕೆ ತಾನಾಗಿ ಸಣ್ಣದಾಗುತ್ತಿತ್ತು. ಪೊಟ್ಟಣಕ್ಕೆ ತೀರುವುದೇ ಗೊತ್ತಿಲ್ಲ. ಎಂಟನೇ ತರಗತಿಯ ಹುಡುಗರ ಜೇಬಿನಲ್ಲೂ ನಾನು ಕಂಡೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಬಂದವು, ಹರಿದು ಬೆರೆಸಿಕೊಳ್ಳುತ್ತಾರೆ. ರಾಜ್ಯದಲ್ಲಿ ಹದಿನೈದು ದಾಟಿದವರಲ್ಲಿ ತಂಬಾಕು ಬಳಸುವವರು 2009-10ರ ಸಮೀಕ್ಷೆಯಲ್ಲಿ ನೂರಕ್ಕೆ 28.2 ಇದ್ದರು, 2016-17ಕ್ಕೆ 22.8 ಆದರು. ಇಳಿದಿರುವುದು ನಿಜ, ಸಮಾಧಾನದ ಮಾತು. ಆದರೆ ನಮ್ಮ ಮನೆಯಲ್ಲೇ ಒಬ್ಬ ಉಳಿದಿದ್ದಾನೆ. ತಮ್ಮನ ಮಗ.

ಅವನು ಈಗ ಹೊಲ ನೋಡಿಕೊಳ್ಳುತ್ತಾನೆ. ಕಾರಂಜಾ ಜಲಾಶಯದ ನೀರು ಹತ್ತಿದ ಕಡೆ ಕಬ್ಬು, ಉಳಿದ ಕಡೆ ಸೋಯಾ. ಒಂದು ಸಲ ಸೋಯಾದ ಎಲೆ ಜಾಲರಿಯಾಗಿದೆ ಎಂದು ನನಗೆ ಫೋನು ಮಾಡಿದ. ಹೋಗಿ ಎಲೆ ಮಗುಚಿದರೆ ಬೂದು ನೂಲು ಹೊದ್ದ ಅದೇ ಮೊಟ್ಟೆಗುಂಪು. ತಂಬಾಕಿನ ಹುಳು. ಗಿಡ ಹೋಗಿ ಮೂವತ್ತು ವರ್ಷದ ಮೇಲೂ ಹುಳು ಉಳಿದಿದೆ, ಹೆಸರೂ ಉಳಿದಿದೆ. ಅವನು ಔಷಧದ ಡಬ್ಬಿ ತೋರಿಸಿ, "ದೊಡ್ಡಪ್ಪಾ, ಸೋಯಾಕ್ಕ ಬಿದ್ದದ, ತಂಬಾಕಿನ ಹುಳ ಅಂತ ಯಾಕ ಬರದಾರ?" ಎಂದ.

2020ರ ಅಕ್ಟೋಬರಿನ ದೊಡ್ಡ ಮಳೆಗೆ ಹಳೆಯ ಮನೆಯ ಹಿಂದಿನ ಗೋಡೆ ಕುಸಿಯಿತು. ಮಣ್ಣು ಹಿತ್ತಲ ತುಂಬ ಹರಡಿಕೊಂಡಿತ್ತು, ತೆಗೆಸಲು ಪುರುಸೊತ್ತಾಗಲಿಲ್ಲ. ಸಂಕ್ರಾಂತಿ ಕಳೆದು ಹೋದಾಗ ಆ ಮಣ್ಣಿನ ಮೇಲೆ ಅಗಲ ಎಲೆಯ ಮೂರು ಗಿಡ ನಿಂತಿದ್ದವು, ಮೊಣಕಾಲೆತ್ತರ. ಸೀಸೆಯ ಗಾಜಿನ ಚೂರುಗಳೂ ಅಲ್ಲೇ ಇದ್ದವು. ನಾನು ನೆಲದ ಮೇಲೆ ಕೂತುಬಿಟ್ಟೆ.

ತಮ್ಮನ ಮಗ ಬಂದು ಎಲೆ ಹಿಚುಕಿ ಮೂಸಿದ, ಮುಖ ಸಿಂಡರಿಸಿದ. "ಇದ್ಯಾವ ಕಸ ದೊಡ್ಡಪ್ಪಾ? ಕೈಯೆಲ್ಲ ಅಂಟಲತ್ತದ."

ಅವನ ಅಂಗಿಯ ಜೇಬಿನಿಂದ ಪೊಟ್ಟಣದ ತುದಿ ಇಣುಕುತ್ತಿತ್ತು. ಅದನ್ನು ತೆಗೆದು ಎಲೆಯ ಪಕ್ಕ ಇಟ್ಟೆ. ಅವನು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದ. ಆಯಿಯ ವಿಷಯ ಅವನಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಹೇಳಿದೆ. ಹಾಲು ಹಿಂಡಿದ ಬಟ್ಟೆಯವರೆಗೂ ಹೇಳಿದೆ. ಆಮೇಲೆ ಇಬ್ಬರೂ ಸೇರಿ ಮೊಗ್ಗು ಬಿಡುವ ಮೊದಲೇ ಮೂರೂ ಗಿಡ ಕಿತ್ತೆವು. ಕೈಯ ಅಂಟು ಹೋಗದೆ ಅವನು ಸಾಬೂನು ತಿಕ್ಕುತ್ತಲೇ ಇದ್ದ. ನಾನು ಅಡುಗೆಮನೆಗೆ ಹೋಗಿ ಹುಣಸೆಹಣ್ಣು ತಂದೆ. ಗ್ಯಾಸಿನ ಒಲೆಯ ಮನೆ, ಬೂದಿ ಸಿಗಲಿಲ್ಲ.