ಪುರುಸೊತ್ತಿನ ಲೆಕ್ಕ

ರಾತ್ರಿ ಹತ್ತರ ಮೇಲೆ ನಮ್ಮ ಮೇಷ್ಟ್ರು ಒಂದೂವರೆ ಪಟ್ಟು ವೇಗದಲ್ಲಿ ಪಾಠ ಮಾಡುತ್ತಾರೆ. ತಪ್ಪು ಅವರದಲ್ಲ, ವೀಡಿಯೊದ ಮೂಲೆಯಲ್ಲಿರುವ ಗುಂಡಿ ಒತ್ತಿದವನು ನಾನು. ಸಹಜವಾಗಿ ಅವರು ನಿಧಾನಸ್ಥರು. ವಾಕ್ಯದ ನಡುವೆ ನೀರು ಕುಡಿಯುತ್ತಾರೆ, ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿಕೊಳ್ಳುತ್ತಾರೆ. ಒಂದೂವರೆ ಪಟ್ಟಿನಲ್ಲಿ ಅದೇ ಮನುಷ್ಯ ಮುಹೂರ್ತ ಮೀರಿಹೋಗುತ್ತಿರುವ ಪುರೋಹಿತರ ಹಾಗೆ ಒದರುತ್ತಾರೆ. ಅವರು ಕಲಿಸುವ ವಿಷಯಕ್ಕೆ ಈ ಅವಸರ ಒಪ್ಪುತ್ತದೆ ಎಂದೇ ಮೊದಮೊದಲು ತಿಳಿದಿದ್ದೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದರೆ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ಶಾಸ್ತ್ರ ತಾನೆ?

ಹಗಲು ಕಟ್ಟಡದ ಎಸ್ಟಿಮೇಟ್ ಹಾಕುವುದು ನನ್ನ ಹೊಟ್ಟೆಪಾಡು. ಐವತ್ತು ಹತ್ತಿರವಾಗುತ್ತಿರುವಾಗ ಸ್ನಾತಕೋತ್ತರ ಪದವಿಗೆ, ಅದೂ ಆನ್‌ಲೈನಿನಲ್ಲಿ ಸೇರಿದ್ದು ಮನೆಯಲ್ಲಿ ಸುದ್ದಿಯೇ ಆಯಿತು. ಮಾವನವರು ಕೇಳಿದ್ದು ಒಂದೇ ಮಾತು: 'ಇದಕ್ಕೆ ಬೆಲೆ ಇದೆಯೇನಪ್ಪ?' ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಯೂ ಸಮಾನವೆಂದು ಯುಜಿಸಿ 2022ರಲ್ಲಿ ಹೇಳಿದೆ ಎಂದೆ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಮನೆ ಬಿಟ್ಟು ಹೊರಡದವನು ಓದಲು ಹೋಗಿದ್ದಾನೆ ಎನ್ನುವುದು ಹೇಗೆ?

ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದಲ್ಲಿ ನಮ್ಮಕ್ಕ ಬಿ.ಎ. ಮಾಡಿದಾಗ ಈ ಪ್ರಶ್ನೆ ಇರಲಿಲ್ಲ. ಖಾಕಿ ಲಕೋಟೆಯಲ್ಲಿ ಪಾಠ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಕೂಗಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ನನ್ನ ಪಾಠ ಮಾತ್ರ ಯಾರಿಗೂ ಕಾಣದ ಹಾಗೆ ಬಂದು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಬೆಳಗುತ್ತದೆ. ಸಹಪಾಠಿಗಳು ಮಸ್ಕತ್ತಿನಲ್ಲಿ, ಪುಣೆಯಲ್ಲಿ, ಕೊಚ್ಚಿಯಲ್ಲಿ, ಹುಬ್ಬಳ್ಳಿಯಲ್ಲಿ ಇದ್ದಾರೆ. ಕ್ಯಾಮೆರಾವನ್ನು ಸದಾ ಮೇಲ್ಮುಖವಾಗಿ ಇಡುವ ಹುಬ್ಬಳ್ಳಿಯವರ ಮುಖಕ್ಕಿಂತ ಅವರ ಸೀಲಿಂಗ್ ಫ್ಯಾನನ್ನೇ ನಾನು ಚೆನ್ನಾಗಿ ಬಲ್ಲೆ.

ಹೀಗೇ ಒಂದು ರಾತ್ರಿ ಕ್ರಿಟಿಕಲ್ ಪಾತ್ ಪಾಠ ಬಂತು. ಅಮೆರಿಕದ ಡುಪಾಂಟ್ ಕಂಪನಿ ತನ್ನ ರಾಸಾಯನಿಕ ಸ್ಥಾವರಗಳ ಕೆಲಸಕ್ಕೆಂದು 1957ರ ಸುಮಾರಿಗೆ ಹುಟ್ಟಿಸಿದ ಲೆಕ್ಕ ಇದು. ಮಾರ್ಗನ್ ವಾಕರ್, ಜೇಮ್ಸ್ ಕೆಲ್ಲಿ ಎಂಬಿಬ್ಬರು ಅದರ ಹಿಂದಿದ್ದವರು. ಒಂದು ಕೆಲಸವನ್ನು ತುಂಡು ಮಾಡಿ, ಯಾವುದರ ಬೆನ್ನಿಗೆ ಯಾವುದು ಎಂದು ಗೆರೆ ಎಳೆದು, ಅತಿ ಉದ್ದದ ದಾರಿಯನ್ನು ಹುಡುಕಬೇಕು. ಆ ದಾರಿಯಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡ. ಇಷ್ಟು ಎಲ್ಲರಿಗೂ ಗೊತ್ತು. ನಾನು ವೀಡಿಯೊದ ವೇಗ ಇಳಿಸಿದ್ದು ಅದರ ಮುಂದಿನ ಮಾತಿಗೆ: ಆ ದಾರಿಯ ಮೇಲಿಲ್ಲದ ಕೆಲಸಗಳಿಗೆ ಪುರುಸೊತ್ತು ಇದೆ, ಎಷ್ಟಿದೆ ಎಂದು ದಿನ ಎಣಿಸಿ ಹೇಳಬಹುದು. ಅದಕ್ಕೆ ಫ್ಲೋಟ್ ಎನ್ನುತ್ತಾರೆ.

ಮನೆ ಕಟ್ಟುವುದನ್ನೇ ನೋಡಿ. ತಾರಸಿಗೆ ಕಾಂಕ್ರೀಟ್ ಸುರಿದಾಗಿದೆ. ನೀರು ಕಟ್ಟಿ ಕ್ಯೂರಿಂಗ್ ನಡೆದಿದೆ. ಕಾಂಕ್ರೀಟಿನ ಬಲವನ್ನು ನಾವು ಲೆಕ್ಕ ಹಿಡಿಯುವುದೇ 28ನೇ ದಿನಕ್ಕೆ. ಹತ್ತು ಆಳು ಹೆಚ್ಚಿಗೆ ತಂದು ನಿಲ್ಲಿಸಿದರೆ ಅದೇನೂ ಬೇಗ ಗಟ್ಟಿಯಾಗದು. ಅತ್ತ ಬಡಗಿಗೆ ಕಿಟಕಿ ಬಾಗಿಲು ಮಾಡಲು 12 ದಿನ ಸಾಕು, ಬೇಕಾಗುವುದು 30 ದಿನದ ಮೇಲೆ. ಅಂದರೆ 18 ದಿನ ಅವನು ಬೀಡಿ ಹಚ್ಚಿಕೊಂಡು ಕೂತರೂ ಮನೆಗೆ ನಷ್ಟವಿಲ್ಲ. ಆದರೆ ನಮ್ಮ ಸೈಟುಗಳಲ್ಲಿ ಬೈಸಿಕೊಳ್ಳುವವನು ಅವನೇ, ಏಕೆಂದರೆ ಕೂತದ್ದು ಕಣ್ಣಿಗೆ ಬೀಳುವುದು ಅವನೊಬ್ಬನೇ. ಈ ಶಾಸ್ತ್ರದ ದೊಡ್ಡತನ ಯಾರನ್ನು ಓಡಿಸಬೇಕು ಎನ್ನುವುದರಲ್ಲಿಲ್ಲ, ಯಾರನ್ನು ಸುಮ್ಮನೆ ಬಿಡಬೇಕು ಎನ್ನುವುದರಲ್ಲಿದೆ ಎಂದು ನನಗೆ ಅಂದು ಅನ್ನಿಸಿತು. ಆಮೇಲೆ ಬಡಗಿಯ ಬಗ್ಗೆ ನನ್ನ ದನಿಯೇ ಬದಲಾಗಿದೆ. ಅವನಿಗೆ ಅನುಮಾನ ಬಂದಿದೆ.

ಒಂದು ಕೊಕ್ಕೆಯೂ ಉಂಟು. ಒಂದೇ ಸಾಲಿನಲ್ಲಿರುವ ಕೆಲಸಗಳ ಪುರುಸೊತ್ತು ಎಲ್ಲರಿಗೂ ಸೇರಿದ್ದು. ಬಡಗಿ ಹದಿನೆಂಟನ್ನೂ ತಿಂದು ಮುಗಿಸಿದರೆ, ಅವನ ಹಿಂದೆ ಬರುವ ಪಾಲಿಶ್‌ನವನಿಗೆ ಉಸಿರಾಡಲು ಬಿಡುವಿಲ್ಲ. ನಮ್ಮ ಗುಂಪು ಪ್ರಾಜೆಕ್ಟಿನಲ್ಲಿ ಮಸ್ಕತ್ತಿನವರು ಬಡಗಿ. ಕೊಚ್ಚಿಯ ಹೆಣ್ಣುಮಗಳು ಪಾಲಿಶ್‌ನವಳು. ಭಾನುವಾರ ರಾತ್ರಿ 11:59ಕ್ಕೆ ಬಾಗಿಲು ಮುಚ್ಚುವ ಅಸೈನ್‌ಮೆಂಟಿನ ತಮ್ಮ ಪಾಲನ್ನು ಮಸ್ಕತ್ತಿನವರು ಒಂಬತ್ತಕ್ಕೆ ಅವಳಿಗೆ ಕಳಿಸುತ್ತಾರೆ. ಗಡುವು ಮೂಗಿಗೆ ತಾಗುವವರೆಗೂ ಕೆಲಸ ಮುಟ್ಟದ ಈ ಚಾಳಿಗೆ ಇಸ್ರೇಲಿನ ಗೋಲ್ಡ್‌ರಾಟ್ 1997ರ ಪುಸ್ತಕವೊಂದರಲ್ಲಿ ಸ್ಟೂಡೆಂಟ್ ಸಿಂಡ್ರೋಮ್ ಎಂದಿದ್ದಾರೆ. ಅದರ ಮೇಲೆ ನಾವು ಬರೆದ ಪ್ರಬಂಧವೂ ಕೊನೆಯ ಅರ್ಧ ಗಂಟೆಯಲ್ಲೇ ಹೋಯಿತು.

ಪರ್ಟ್ ಎಂಬ ಇನ್ನೊಂದು ವಿಧಾನ 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗಾಗಿ ಬಂದದ್ದು. ಕೆಲಸಕ್ಕೆ ಒಂದೇ ಅವಧಿ ಹೇಳಬೇಡ, ಮೂರು ಹೇಳು ಎನ್ನುತ್ತದೆ. ಎಲ್ಲ ಸರಿಹೋದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಮನೆ ಸೇರಲು ದೇವರು ಕಣ್ಣುಬಿಟ್ಟರೆ 30 ನಿಮಿಷ, ಸಾಮಾನ್ಯಕ್ಕೆ 60, ಮಳೆ ಬಂದ ಶುಕ್ರವಾರ 150. ಉತ್ತರ 70. ಅಂದಿನಿಂದ ಹೆಂಡತಿಗೆ ಒಂದು ಗಂಟೆ ಹತ್ತು ನಿಮಿಷ ಎಂದೇ ಹೇಳುತ್ತಿದ್ದೇನೆ. ಆ ಹತ್ತು ನಿಮಿಷದ ನಿಖರತೆಗೆ ಅವಳು ನಗುವುದು ಫೋನಿನಲ್ಲೂ ಕೇಳಿಸುತ್ತದೆ.

ತರಗತಿ ನಿಜಕ್ಕೂ ಕಾವೇರಿದ್ದು ಸಿಡ್ನಿ ಒಪೆರಾ ಹೌಸ್ ದಿನ. ಈ ವಿಷಯ ಓದುವವರು ಸಾಮಾನ್ಯವಾಗಿ ಆ ಕಟ್ಟಡದ ಮುಂದೆ ಒಮ್ಮೆ ನಿಂತೇ ಹೋಗುತ್ತಾರೆ. ಡೆನ್ಮಾರ್ಕಿನ ಯೋರ್ನ್ ಉಟ್ಜನ್ 1957ರಲ್ಲಿ ಸ್ಪರ್ಧೆ ಗೆದ್ದರು. 1963ಕ್ಕೆ ಮುಗಿಯಬೇಕಿತ್ತು, 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಸಾಕೆಂದಿದ್ದರು. ಬಾಗಿಲು ತೆರೆದದ್ದು 1973ರಲ್ಲಿ. ಖರ್ಚು 10 ಕೋಟಿ 20 ಲಕ್ಷ. ಆ ಚಿಪ್ಪಿನ ಚಾವಣಿಯನ್ನು ಹೇಗೆ ನಿಲ್ಲಿಸುವುದೆಂದು ತಿಳಿಯುವ ಮೊದಲೇ ಅಡಿಪಾಯದ ಕೆಲಸ ಶುರುಮಾಡಿದ್ದರು. ಜಗಳವಾಗಿ ಉಟ್ಜನ್ 1966ರಲ್ಲಿ ಬಿಟ್ಟು ಹೋದವರು ಮುಗಿದ ಕಟ್ಟಡವನ್ನು ಕಣ್ಣಾರೆ ನೋಡಲೇ ಇಲ್ಲ. 2007ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಗ ಹೇಳಿ, ಪ್ರಾಜೆಕ್ಟ್ ಗೆದ್ದಿತೋ ಸೋತಿತೋ? ಪುಣೆಯವರು ಸೋಲು ಎಂದರು. ಎಸ್ಟಿಮೇಟ್ ಹಾಕುವ ನಾನೂ ಅದನ್ನೇ ಅನ್ನಬೇಕಿತ್ತು. ಆದರೆ 70 ಲಕ್ಷದಲ್ಲಿ, ಹೊತ್ತಿಗೆ ಸರಿಯಾಗಿ ಮುಗಿದ ಎಷ್ಟೋ ಕಟ್ಟಡಗಳ ಮುಂದೆ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಹುಬ್ಬಳ್ಳಿಯ ಫ್ಯಾನಿನ ಕೆಳಗಿನಿಂದ ಒಂದು ದನಿ, 'ಆ ರೊಕ್ಕಾ ಯಾರ ಕೊಟ್ಟರ್ರಿ?' ಎಂದಿತು. ದುಡ್ಡಿನ ಬಹುಪಾಲು ಲಾಟರಿಯಿಂದ ಬಂತು ಎಂದು ಮೇಷ್ಟ್ರು ಹೇಳಿದ ಮೇಲೆ ವಾದದ ಕಾವು ಇಳಿಯಿತು. ಲಾಟರಿ ದುಡ್ಡಿಗೆ ಯಾರು ಹೊಟ್ಟೆ ಉರಿಸಿಕೊಳ್ಳುತ್ತಾರೆ?

ಈಗ ಕೊನೆಯ ಸೆಮಿಸ್ಟರ್, ಸಂಪ್ರಬಂಧದ ಹೊತ್ತು. ಓದಿನ ಶೆಡ್ಯೂಲನ್ನೂ ರಿಸ್ಕ್ ರಿಜಿಸ್ಟರನ್ನೂ ಕಳಿಸಿ ಎಂದರು ಮಾರ್ಗದರ್ಶಕರು. ಏನೇನು ಕೆಡಬಹುದು, ಸಾಧ್ಯತೆ ಎಷ್ಟು, ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪಟ್ಟಿ ಅದು. ಕರೆಂಟ್ ಹೋಗುವುದು, ಮಗನ ಪಿಯುಸಿ ಪರೀಕ್ಷೆ, ದೀಪಾವಳಿಗೆ ನೆಂಟರು ಎಂದು ಪ್ರಾಮಾಣಿಕವಾಗಿ ತುಂಬಿದೆ. ನೆಂಟರ ಸಾಲಿನಲ್ಲಿ ಹೊಣೆಗಾರರ ಜಾಗ ಖಾಲಿ ಇದೆಯಲ್ಲ ಎಂದು ಅವರು ಕೆಂಪು ಶಾಯಿಯಲ್ಲಿ ಕೇಳಿದ್ದಾರೆ. ಹೆಂಡತಿಯ ಹೆಸರು ಬರೆಯಲು ಹೋದೆ. ಬರುತ್ತಿರುವವರು ನಿಮ್ಮ ಕಡೆಯವರು, ಸಹಿಯೂ ನಿಮ್ಮದೇ ಇರಲಿ ಎಂದಳು.