ಸದ್ದಿಲ್ಲದ ಬಂಡಿಯಲ್ಲಿ ನರಸಾಪುರಕ್ಕೆ

ನರಸಾಪುರಕ್ಕೆ ನಾನು ಎತ್ತಿನ ಗಾಡಿಯಲ್ಲಿ ಹೋಗಿದ್ದೇನೆ. ಖಾಸಗಿ ಬಸ್ಸಿನ ಹಿಂಬದಿಯ ಏಣಿಗೆ ಜೋತುಬಿದ್ದು ಹೋಗಿದ್ದೇನೆ. ಅಕ್ಕನ ಮದುವೆಯಾದ ವರ್ಷ ಬಾಡಿಗೆ ಸೈಕಲ್ಲಿನಲ್ಲಿಯೂ ಹೋಗಿದ್ದೇನೆ. ಆದರೆ ಎಂಜಿನ್ನೇ ಇಲ್ಲದ, ಐವತ್ತಾರು ಲಕ್ಷ ರೂಪಾಯಿ ಬೆಲೆಯ ಮೋಟಾರಿನಲ್ಲಿ ಆ ಊರನ್ನು ಪ್ರವೇಶಿಸುವ ಯೋಗ ನನ್ನ ಜಾತಕದಲ್ಲಿದೆಯೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಮೋಟಾರು ನನ್ನದಲ್ಲವೆಂದು ಮೊದಲೇ ತಿಳಿಸಿಬಿಡುವುದು ಕ್ಷೇಮ. ಅದು ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ಅಣ್ಣನ ಮಗನದು. ವೋಲ್ವೋ ಎಕ್ಸ್‌ಸಿ 40 ರೀಚಾರ್ಜ್ ಎಂದು ಅದರ ಹೆಸರು. 2024ರಲ್ಲಿ ಕಂಪೆನಿಯವರು ಅದಕ್ಕೆ ಇಎಕ್ಸ್ 40 ಎಂದು ಮರುನಾಮಕರಣ ಮಾಡಿದರಂತೆ. ಹುಡುಗ ಮಾತ್ರ ಹಳೆಯ ಹೆಸರನ್ನೇ ಹಿಡಿದುಕೊಂಡಿದ್ದಾನೆ. ಭಾನುವಾರ ಬೆಳಗ್ಗೆ ನನ್ನನ್ನು ಕೂಡಿಸಿಕೊಂಡು, ನಡುವಿಗೆ ಪಟ್ಟಿ ಬಿಗಿದು, ಗೇರಿನ ಹಿಡಿಯನ್ನು ಒಮ್ಮೆ ಸರಿಸಿದ. ಬೀಗದ ಕೈ ತಿರುಗಿಸಲಿಲ್ಲ, ಗುಂಡಿ ಒತ್ತಲಿಲ್ಲ. ಆಸನದ ಮೇಲೆ ಆಸಾಮಿ ಕುಳಿತದ್ದೇ ಅದಕ್ಕೆ ಸೂಚನೆಯಂತೆ. "ಇನ್ನೂ ಹೊರಡಲಿಲ್ಲವೇನೋ?" ಎಂದು ನಾನು ಕೇಳುವಷ್ಟರಲ್ಲಿ ನಮ್ಮ ಬೀದಿಯ ತಿರುವು ಹಿಂದಕ್ಕೆ ಸರಿದಿತ್ತು.

ಹಳೆಯ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರದ ತೂಗುಸೇತುವೆಯನ್ನು ದಾಟಿ ಹೊಸಕೋಟೆಯನ್ನು ಸಮೀಪಿಸಿದಾಗ ಹುಡುಗ ಕೈತೋರಿಸಿ, "ಚಿಕ್ಕಪ್ಪ, ಇದರ ತೌರುಮನೆ ಇದೇ" ಎಂದ. ಹೊಸಕೋಟೆಗೂ ವೋಲ್ವೋ ಎಂಬ ಹೆಸರಿಗೂ ನಂಟು ಹಳೆಯದು. 1998ರಲ್ಲಿ ಲಾರಿಗಳು ಬಂದವು, ಅವುಗಳ ಬೆನ್ನಿಗೆ ಬಸ್ಸುಗಳು. 2017ರಿಂದ ಕಾರುಗಳನ್ನೂ ಇಲ್ಲಿ ಜೋಡಿಸುತ್ತಿದ್ದಾರೆ. ಕಾರಿನ ಕಂಪೆನಿಯೂ ಬಸ್ಸಿನ ಕಂಪೆನಿಯೂ ಈಗ ಬೇರೆ ಬೇರೆ. ಕಾರಿನದು 2010ರಿಂದ ಚೀನಾದ ಗೀಲಿಯವರ ಕೈಯಲ್ಲಿದೆ. ಹೊರದೇಶದಿಂದ ಬಿಡಿಭಾಗಗಳನ್ನು ತರಿಸಿ ಇಲ್ಲಿ ಕೂಡಿಸುವುದರ ಗುಟ್ಟು ಸುಂಕದಲ್ಲಿದೆ. 40 ಸಾವಿರ ಡಾಲರಿಗೆ ಮೀರಿದ ಕಾರನ್ನು ಇಡಿಯಾಗಿ ತರಿಸಿದರೆ ಆಗ ನೂರಕ್ಕೆ ನೂರು ಸುಂಕ ತೆರಬೇಕಾಗಿತ್ತು. ಹೀಗಾಗಿ 2022ರ ಜುಲೈ ತಿಂಗಳಲ್ಲಿ ಇದು 55 ಲಕ್ಷ 90 ಸಾವಿರ ರೂಪಾಯಿಗೆ ಮಾರಾಟಕ್ಕೆ ಬಂತು. ಮೊದಲ 150 ಕಾರುಗಳು ಎರಡೇ ಗಂಟೆಯಲ್ಲಿ ಕಾಯ್ದಿರಿಸಲ್ಪಟ್ಟುವು.

ಜನ ಯಾವುದಕ್ಕೆ ಮರುಳಾದರು? ಹೊಸಕೋಟೆಯ ಆಚೆ ದಾರಿ ತೆರಪಾದಾಗ ಹುಡುಗ ಅದನ್ನು ತೋರಿಸಿಕೊಟ್ಟ. ಕಾಲನ್ನು ಒಮ್ಮೆ ಅದುಮಿದ ಅಷ್ಟೆ. ನನ್ನ ಬೆನ್ನು ಆಸನಕ್ಕೆ ಅಂಟಿಕೊಂಡಿತು, ಜೇಬಿನ ಕನ್ನಡಕ ಎಲ್ಲಿ ಹೋಯಿತೋ ತಿಳಿಯದು. ಮುಂದಿನ ಗಾಲಿಗಳಿಗೊಂದು, ಹಿಂದಿನ ಗಾಲಿಗಳಿಗೊಂದು ಹೀಗೆ ಎರಡು ವಿದ್ಯುತ್ ಮೋಟಾರುಗಳು. ಎರಡೂ ಕೂಡಿ 408 ಅಶ್ವಶಕ್ತಿ. ನಿಂತ ನಿಲುವಿನಿಂದ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಲು ಐದು ಸೆಕೆಂಡು ಬೇಡ. ಪೆಟ್ರೋಲಿನ ಎಂಜಿನ್ನು ಏದುಸಿರು ಬಿಟ್ಟು ಮೇಲೇರಿ ಬಲ ಕೂಡಿಸಿಕೊಳ್ಳಬೇಕು. ವಿದ್ಯುತ್ ಮೋಟಾರು ಮೊದಲ ಸುತ್ತಿನಲ್ಲಿಯೇ ತನ್ನ ಸಂಪೂರ್ಣ ತಿರುಚುಬಲವನ್ನು ಒಪ್ಪಿಸಿಬಿಡುತ್ತದೆ. ಕಾಲು ಸಡಿಲಿಸಿದರೆ ಅದೇ ಮೋಟಾರು ಜನರೇಟರಾಗಿ ಗಾಡಿಯನ್ನು ತಡೆಯುತ್ತ, ಓಟದ ಶಕ್ತಿಯನ್ನು ಮತ್ತೆ ಬ್ಯಾಟರಿಗೆ ತುಂಬುತ್ತದೆ. ನರಸಾಪುರದವರೆಗೆ ಅವನು ಬ್ರೇಕನ್ನು ತುಳಿದದ್ದು ನಾಲ್ಕೈದು ಸಲವಿರಬಹುದು.

ಟೀ ಅಂಗಡಿಯೊಂದರ ಮುಂದೆ ನಿಂತೆವು. ಪಕ್ಕದಲ್ಲಿ ಲಾರಿಗಳ ರಿಪೇರಿಯ ಶೆಡ್ಡು. ಅದರ ಮುದಿ ಮೇಸ್ತ್ರಿ ಎಣ್ಣೆಗೈಯನ್ನು ಒರಸಿಕೊಳ್ಳುತ್ತ ಬಂದು, ಕಾರನ್ನು ಸುತ್ತು ಹಾಕಿ, "ಬಾನೆಟ್ ತೆಗೀರಿ ಸಾರ್" ಎಂದ. ಹುಡುಗ ತೆಗೆದ. ಒಳಗೆ 31 ಲೀಟರಿನ ಒಂದು ಖಾಲಿ ಪೆಟ್ಟಿಗೆ! ಮೇಸ್ತ್ರಿ ಬಗ್ಗಿ ನೋಡಿ, ಅಭ್ಯಾಸಬಲದಿಂದ ಕಿವಿಯನ್ನೂ ಒಡ್ಡಿದ. ನಲವತ್ತು ವರ್ಷ ಡೀಸೆಲ್ ಎಂಜಿನ್ನುಗಳ ಸದ್ದಿನಿಂದಲೇ ಅವುಗಳ ರೋಗವನ್ನು ಹೇಳಿದ ಕಿವಿಯದು. "ಗುಂಡಿಗೇನೇ ಇಲ್ವಲ್ಲ ಸಾರ್" ಎಂದು ನಕ್ಕ. ಗುಂಡಿಗೆ ನೆಲಗಟ್ಟಿನ ಕೆಳಗಿದೆ, ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಅಡಗಿಸಿಟ್ಟ ಬ್ಯಾಟರಿಯೇ ಸುಮಾರು 500 ಕಿಲೋ ತೂಗುತ್ತದೆ, ಆ ಭಾರ ತಳದಲ್ಲಿರುವುದರಿಂದಲೇ ಈ ಎತ್ತರದ ಗಾಡಿ ತಿರುವಿನಲ್ಲಿ ವಾಲುವುದಿಲ್ಲ ಎಂದು ಹುಡುಗ ವಿವರಿಸಿದ. ಎಂಜಿನ್ ಆಯಿಲ್? ಇಲ್ಲ. ಕ್ಲಚ್ಚು? ಇಲ್ಲ. ಸೈಲೆನ್ಸರು? ಇಲ್ಲ. ಒಂದೊಂದು "ಇಲ್ಲ"ಕ್ಕೂ ಮೇಸ್ತ್ರಿಯ ನಗು ಒಂದಿಷ್ಟು ಕಡಿಮೆಯಾಗುತ್ತಿದ್ದುದನ್ನು ನಾನು ಕಂಡೆ. ಕೊನೆಗೆ ಟೈರನ್ನು ಕಾಲಿನಿಂದ ತಟ್ಟಿ, "ಇದಾದರೂ ಇದೆಯಲ್ಲ, ಪಂಕ್ಚರ್ ಆದರೆ ಬನ್ನಿ" ಎಂದು ಶೆಡ್ಡಿನೊಳಕ್ಕೆ ನಡೆದ.

ಬೆಂಗಳೂರಿಗೆ ವಿದ್ಯುತ್ ಮೋಟಾರು ಹೊಸತೇನಲ್ಲ. 2001ರಲ್ಲಿಯೇ ರೇವಾ ಎಂಬ ಪುಟ್ಟ ಕಾರು ಇಲ್ಲಿಯೇ ಹುಟ್ಟಿ, ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿ ಬಂದಿದೆ. ಕೋಲಾರದ ಸೀಮೆಯಂತೂ ಬೆಂಗಳೂರಿಗಿಂತ ಮೊದಲೇ ವಿದ್ಯುತ್ತನ್ನು ಕಂಡ ನಾಡು. 1902ರಲ್ಲಿ ಶಿವನಸಮುದ್ರದಿಂದ 90 ಮೈಲಿಗೂ ಮೀರಿದ ತಂತಿ ಎಳೆದು ಚಿನ್ನದ ಗಣಿಗಳಿಗೆ ಶಕ್ತಿ ಒದಗಿಸಿದರು. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರಲ್ಲಿ. ಆ ಗಣಿಗಳು ಮುಚ್ಚಿದ್ದೂ ರೇವಾ ಬಂದ 2001ರಲ್ಲಿಯೇ.

ನರಸಾಪುರ ಬಂತು. ನಾನು ಸೈಕಲ್ ತುಳಿದ ಕಾಲದ ರಾಗಿ ಹೊಲಗಳಿದ್ದಲ್ಲಿ ಈಗ ಕೈಗಾರಿಕಾ ಪ್ರದೇಶ. 2013ರಿಂದ ಹೋಂಡಾ ಕಾರ್ಖಾನೆ ಇದೆ. 2024ರ ನವೆಂಬರಿನಲ್ಲಿ ಪ್ರಕಟವಾದ ಅವರ ವಿದ್ಯುತ್ ಆಕ್ಟಿವಾ ತಯಾರಾದದ್ದು ಇಲ್ಲಿಯೇ. ಐಫೋನ್ ಕಾರ್ಖಾನೆಯೂ ಇದೆ. ಈಗ ಟಾಟಾದವರದಾಗಿರುವ ಅದು ವಿಸ್ಟ್ರಾನ್ ಕಂಪೆನಿಯದಾಗಿದ್ದಾಗ, 2020ರ ಡಿಸೆಂಬರ್ 12ರಂದು, ಸಂಬಳದ ಬಾಕಿಗಾಗಿ ಕಾರ್ಮಿಕರು ಸಿಡಿದೆದ್ದ ಸುದ್ದಿ ದೇಶವೆಲ್ಲ ಹಬ್ಬಿತ್ತು. ಹೊಳೆಯಿಲ್ಲದ ಈ ಸೀಮೆಯ ಕೆರೆಗಳಿಗೆ ಬೆಂಗಳೂರು ತಾನು ಬಳಸಿದ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರಿಂದ ಕಳುಹಿಸುತ್ತಿದೆ. ನಾವು ಹೋದ ದಿನ ಕೆರೆಯಲ್ಲಿ ನೀರಿತ್ತು, ದಡದಲ್ಲಿ ಬೆಳ್ಳಕ್ಕಿಗಳಿದ್ದುವು.

ಅಕ್ಕ ಬಾಗಿಲಿಗೆ ಬಂದು, "ಇದೇನೋ ಓಲ್ವೋ? ಓಲ್ವೋ ಅಂದರೆ ಬಸ್ಸಲ್ಲವೇನೋ?" ಎಂದಳು. ಅವಳ ಮಗ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸಗಾರ. ರಾತ್ರಿ ಪಾಳಿ ಮುಗಿಸಿ ಬಂದವನು ನಿದ್ದೆಗಣ್ಣಿನಲ್ಲಿಯೇ ಬಾಗಿಲಿನ ಸಂದಿಯ ಮೇಲೆ ಬೆರಳಾಡಿಸಿ, "ಎಲ್ಲೂ ಹೆಚ್ಚುಕಡಿಮೆ ಇಲ್ಲ ಮಾವ, ಒಂದೇ ಸಮ ಕೂತಿದೆ" ಎಂದ. ಕೆಲಸ ಬಲ್ಲವನ ಮೆಚ್ಚುಗೆ ಅದು. ಬ್ಯಾಟರಿ 78 ಯೂನಿಟ್ಟಿನದೆಂದು ಕೇಳಿ, "ನಮ್ಮೂರಿನ ಸ್ಕೂಟರಿಗೆ ಒಂದೂವರೆ ಯೂನಿಟ್ಟಿನವು ಎರಡು. ಇದೊಂದರಲ್ಲಿ 26 ಸ್ಕೂಟರು ಓಡುತ್ತವೆ" ಎಂದು ಲೆಕ್ಕ ಹಾಕಿದ.

ಆಗ ಹುಡುಗ ಮೆಲ್ಲನೆ ಒಂದು ವಿಷಯ ಹೊರಗೆಡಹಿದ. ಹಿಂದಿನ ರಾತ್ರಿ ಚಾರ್ಜು ಮಾಡಲು ಮರೆತಿದ್ದನಂತೆ. ದಾರಿಯ ವೇಗದ ಚಾರ್ಜರಿನ ಮುಂದೆ ಸರತಿ ಇತ್ತು. ಉಳಿದಿರುವುದು ನೂರಕ್ಕೆ 18 ಪಾಲು. ಪೂರ್ತಿ ತುಂಬಿದರೆ 418 ಕಿಲೋಮೀಟರು ಎಂದು ಕಂಪೆನಿಯ ಲೆಕ್ಕ. ಹದಿನೆಂಟು ಪಾಲಿನಲ್ಲಿ ಬೆಂಗಳೂರು ಸೇರಬಹುದು, ಸೇರದೆಯೂ ಇರಬಹುದು. "ಅತ್ತೆ, ಊಟ ಮುಗಿಯುವವರೆಗೆ ಪ್ಲಗ್ಗಿಗೆ ಹಾಕಲೇ?"

ಅಕ್ಕ ಉತ್ತರಿಸಲಿಲ್ಲ, ಭಾವನವರ ಮುಖ ನೋಡಿದಳು. ಅವರ ಮನೆಗೆ ಗೃಹಜ್ಯೋತಿಯ ವಿದ್ಯುತ್ತು. ತಿಂಗಳಿಗೆ 60 ಯೂನಿಟ್ ಸರಾಸರಿ. ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ 66ರವರೆಗೆ ಬಿಲ್ಲಿಲ್ಲ. ಈ ಬಂಡಿಯ ಹೊಟ್ಟೆ ತುಂಬಬೇಕಾದರೆ ಆ ಮನೆಯ ಒಂದು ತಿಂಗಳ ಬೆಳಕೂ ಸಾಲದು! ಭಾವನವರು ನಿವೃತ್ತ ಗಣಿತದ ಮೇಷ್ಟರು. "ಹಾಕಪ್ಪಾ, ಧಾರಾಳವಾಗಿ ಹಾಕು" ಎಂದು ಪಡಸಾಲೆಯ ಹದಿನೈದು ಆಂಪಿಯರ್ ಪ್ಲಗ್ಗನ್ನು ತೋರಿಸಿ, ತಾವು ಮೀಟರಿನ ಅಂಕಿಯನ್ನು ಗುರುತು ಹಾಕಿಕೊಂಡು ಬಂದರು. ಗಂಟೆಗೆ ಮೂರು ಯೂನಿಟ್ಟು ಒಳಗೆ ಹೋಗತೊಡಗಿತು. ನಡುಮನೆಯ ಫ್ಯಾನು ತುಸು ನಿಧಾನವಾಯಿತು.

ಊಟಕ್ಕೆ ಮುದ್ದೆ, ಬಸ್ಸಾರು. ನಡುವೆ ಭಾವನವರು ಕೇಳಿದರು: "ಪೆಟ್ರೋಲಿನದಾಗಿದ್ದರೆ ಇದಕ್ಕೆ ತೆರಿಗೆ ಎಷ್ಟಪ್ಪಾ?" ಕೊಂಡ ಕಾಲದಲ್ಲಿ ಅಂಥ ದೊಡ್ಡ ಕಾರಿಗೆ ಜಿಎಸ್‌ಟಿ, ಸೆಸ್ಸು ಕೂಡಿ ನೂರಕ್ಕೆ 50, 2025ರ ಸೆಪ್ಟೆಂಬರಿನಿಂದ 40. ವಿದ್ಯುತ್ತಿನದಕ್ಕೆ 2019ರಿಂದ 5 ಮಾತ್ರ. ಭಾವನವರು ಎಡಗೈಯಲ್ಲಿ ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಬರೆದರು. "ಇಪ್ಪತ್ತು ಲಕ್ಷಕ್ಕೆ ಮೀರಿತು. ಅರವತ್ತಾರು ಯೂನಿಟ್ಟು ಬಿಟ್ಟಿ ತಿನ್ನುತ್ತೇವೆಂದು ಪೇಟೆಯವರು ನಮ್ಮನ್ನು ಆಡಿಕೊಳ್ಳುತ್ತಾರೆ. ನಿನ್ನದನ್ನು ಏನೆಂದು ಕರೆಯುತ್ತಾರೆ?"

"ಪ್ರೋತ್ಸಾಹ ಎನ್ನುತ್ತಾರೆ ಮಾವ" ಎಂದ ಹುಡುಗ, ತಲೆ ತಗ್ಗಿಸಿ. ಆಮೇಲೆ ಚೇತರಿಸಿಕೊಂಡು, ಇದು ಹೊಗೆ ಬಿಡುವುದಿಲ್ಲ, ಪಾವಗಡದಲ್ಲಿ ಬಿಸಿಲಿನಿಂದಲೇ 2,050 ಮೆಗಾವಾಟ್ ಶಕ್ತಿಯ ಸ್ಥಾವರವಿದೆ, ಮೊದಲು ಸಿರಿವಂತರು ಕೊಂಡರೆ ತಾನೆ ಬೆಲೆ ಇಳಿದು ಎಲ್ಲರ ಕೈಗೆಟುಕುವುದು, 2024ರಲ್ಲಿ ನಮ್ಮ ಸರ್ಕಾರ 25 ಲಕ್ಷಕ್ಕೆ ಮೀರಿದ ವಿದ್ಯುತ್ ಕಾರುಗಳಿಗೆ ನೂರಕ್ಕೆ 10ರಂತೆ ಆಜೀವ ತೆರಿಗೆ ಹಾಕಿಯೂ ಆಯಿತು ಎಂದು ವಾದಿಸಿದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ರಾಯಚೂರಿನಲ್ಲಿ ಕಲ್ಲಿದ್ದಲೂ ಉರಿಯುತ್ತದೆಯಪ್ಪಾ ಎಂದಷ್ಟೇ ಹೇಳಿ ಭಾವನವರು ಮಜ್ಜಿಗೆಗೆ ಕೈಯೊಡ್ಡಿದರು. ಈ ಕಾರ್ಖಾನೆಗಳಿಗಾಗಿ ಜಮೀನು ಬಿಟ್ಟುಕೊಟ್ಟವರಲ್ಲಿ ಅವರೂ ಒಬ್ಬರು. ನನಗೆ ಕೇಳಿದರೆ, ವಿಜ್ಞಾನದಲ್ಲಿ ಹುಡುಗನೇ ಸರಿ, ಲೆಕ್ಕದಲ್ಲಿ ಭಾವನವರು.

ಮೂರು ಗಂಟೆಯ ಮೇಲೆ ಪ್ಲಗ್ಗು ತೆಗೆದಾಗ ಕಾರಿನ ಪರದೆ 29 ಎಂದು ತೋರಿಸಿತು. ಮೀಟರಿನಲ್ಲಿ ಒಂಬತ್ತು ಯೂನಿಟ್ಟು ಏರಿತ್ತು. ಹುಡುಗ ಐದು ನೂರರ ನೋಟೊಂದನ್ನು ಮುಂದೆ ಹಿಡಿದ. "ಎತ್ತಿಡೋ! ನೆಂಟರಿಗೆ ಬಡಿಸಿದ್ದಕ್ಕೆ ದುಡ್ಡು ತಗೊಳ್ಳೋ ಮನೆಯಲ್ಲ ಇದು" ಎಂದು ಅಕ್ಕ ಗದರಿಸಿ, ಒಳಗಿನಿಂದ ಐದು ಸೇರು ರಾಗಿ ಹಿಟ್ಟನ್ನೂ ಒಂದು ಚೀಲ ಟೊಮೇಟೊವನ್ನೂ ತಂದಳು. ಹಿಂದುಗಡೆ ಅವನ ಸಾಮಾನುಗಳಿದ್ದುವು. ಅವನು ಬಾನೆಟ್ಟನ್ನು ಎತ್ತಿ, ಎಂಜಿನ್ನು ಇರಬೇಕಾದ ಸ್ಥಳದಲ್ಲಿ ಎರಡನ್ನೂ ಒತ್ತಾಗಿ ಇಟ್ಟ. ಟೊಮೇಟೊ ಜಜ್ಜಿಹೋಗದಂತೆ ಅಕ್ಕ ತನ್ನ ಹಳೆಯ ಸೀರೆಯ ತುಂಡೊಂದನ್ನು ಮೇಲೆ ಹೊದಿಸಿದಳು.