ಅಲ್ಲಿ ಕರೆಂಟ್ ಇಲ್ವಾ?

ಹೋದ ಸೆಮಿಸ್ಟರಿನ ವಿಜ್ಞಾನ ಪ್ರದರ್ಶನದಲ್ಲಿ ರೋಬೋ, ಡ್ರೋನ್ ಎಲ್ಲ ಬೇರೆ ಬ್ಯಾಚಿನವರು ಮೊದಲೇ ಹಿಡಿದುಕೊಂಡಿದ್ದರು. ನಮ್ಮ ನಾಲ್ಕು ಜನರ ಪಾಲಿಗೆ ಉಳಿದದ್ದು ಫಿಸಿಕ್ಸ್ ಲ್ಯಾಬಿನ ಕತ್ತಲೆ ಕೋಣೆ, ಬೀರುವಿನೊಳಗಿದ್ದ ಒಂದು ಉದ್ದನೆಯ ಗಾಜಿನ ಕೊಳವೆ, ಒಂದು ಇಂಡಕ್ಷನ್ ಕಾಯಿಲ್, ಹಳೇ ಸ್ಕೂಟರಿನಂತೆ ಸದ್ದು ಮಾಡುವ ವ್ಯಾಕ್ಯೂಮ್ ಪಂಪು. ಬರುವ ಮಕ್ಕಳು ಸುತ್ತಮುತ್ತಲಿನ ಸರ್ಕಾರಿ ಶಾಲೆಯವರು, ಕನ್ನಡದಲ್ಲೇ ಹೇಳಬೇಕು ಅಂದರು. ಡಿಸ್ಚಾರ್ಜ್ ಟ್ಯೂಬಿಗೆ ಕನ್ನಡದಲ್ಲಿ ಏನಂತಾರೆ? ನಮ್ಮಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು ಒಬ್ಬಳೇ. 'ವಿಸರ್ಜನಾ ನಳಿಕೆ' ಅಂದಳು. ಗಣೇಶನ ವಿಸರ್ಜನೆ ಬಿಟ್ಟು ಬೇರೆ ಗೊತ್ತಿಲ್ಲದ ಉಳಿದ ಮೂವರಿಗೆ ನಗು ತಡೆಯಲಾಗಲಿಲ್ಲ. ಆದರೂ ಚಾರ್ಟಿನ ಮೇಲೆ ಅದನ್ನೇ ಬರೆದೆವು.

ನೋಡೋಕೆ ಮಾತ್ರ ತುಂಬ ಚೆನ್ನಾಗಿತ್ತು. ಪಂಪು ಗಾಳಿ ಎಳೆದಂತೆ ಮೊದಲು ನೇರಳೆ ಎಳೆಗಳು ಹಾವಿನ ಹಾಗೆ ಹರಿದಾಡುತ್ತವೆ. ಆಮೇಲೆ ಕೊಳವೆ ತುಂಬ ಗುಲಾಬಿ ಬೆಳಕು. ಒತ್ತಡ ಪಾದರಸದ 760 ಮಿಲಿಮೀಟರಿನಿಂದ ಇಳಿದಿಳಿದು 1ರ ಆಸುಪಾಸಿಗೆ ಬಂದಾಗ ಆ ಬೆಳಕು ತುಂಡಾಗುತ್ತದೆ. ಕ್ಯಾಥೋಡಿನ ಬಳಿ ಒಂದು ಕಪ್ಪು ಪಟ್ಟಿ, ಮುಂದೆ ನೀಲಿ ಬೆಳಕು, ಮತ್ತೊಂದು ಅಗಲವಾದ ಕಪ್ಪು ಜಾಗ, ಆಮೇಲೆ ಆನೋಡಿನವರೆಗೆ ಗುಲಾಬಿ. ನಾವು ಮಕ್ಕಳಿಗೆ ಬಣ್ಣ ತೋರಿಸಿ 'ವಾವ್' ಅನ್ನಿಸಿಕೊಂಡು ಕಳಿಸುತ್ತಿದ್ದೆವು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗ, ಏಳನೇ ಕ್ಲಾಸಿರಬೇಕು, ಬಣ್ಣ ಬಿಟ್ಟು ಕಪ್ಪು ಜಾಗಕ್ಕೆ ಬೆರಳು ತೋರಿಸಿದ. "ಅಣ್ಣ, ಅಲ್ಲಿ ಕರೆಂಟ್ ಇಲ್ವಾ?"

ಹಿಂದೆ ನಲವತ್ತು ಮಕ್ಕಳ ಸಾಲು. "ಅಲ್ಲಿ ಗಾಳಿ ಕಮ್ಮಿ ಇದೆ ಪುಟ್ಟ, ಅದಕ್ಕೆ" ಅಂದುಬಿಟ್ಟೆವು. ಯಾರು ಅಂದದ್ದು ಅಂತ ಈಗ ಕೇಳಬೇಡಿ, ನಾಲ್ಕೂ ಜನ ತಲೆಯಾಡಿಸಿದ್ದೆವು. ಅವನೂ ತಲೆಯಾಡಿಸಿ ಹೋದ.

ರಾತ್ರಿ ಮೆಸ್ಸಿನಲ್ಲಿ ಅನ್ನ ಕಲಸುತ್ತಾ ಕನ್ನಡ ಮೀಡಿಯಂನವಳೇ ಶುರು ಮಾಡಿದಳು. "ಅಲ್ಲ, ಇರೋದು ಒಂದೇ ನಳಿಕೆ, ನಡುವೆ ಗೋಡೆ ಇಲ್ಲ. ಒಂದು ಕಡೆ ಮಾತ್ರ ಗಾಳಿ ಹೆಂಗೆ ಕಮ್ಮಿ ಆಗುತ್ತೆ?" ಸರಿ, ಹಾಗಾದರೆ ಕರೆಂಟ್ ಇಲ್ಲವೇನೋ ಅಂದುಕೊಂಡೆವು. ಅದು ಇನ್ನೂ ದೊಡ್ಡ ತಪ್ಪು. ತಟ್ಟೆಯಿಂದ ತಟ್ಟೆಗೆ ಇರುವುದು ಒಂದೇ ದಾರಿ. ಸೀರೀಸ್ ಸರ್ಕ್ಯೂಟು. ಕಪ್ಪಿನಲ್ಲಿ ಎಷ್ಟು ಕರೆಂಟೋ ಗುಲಾಬಿಯಲ್ಲೂ ಅಷ್ಟೇ. ಕಿರ್ಚಾಫ್ ನಿಯಮ ಬರೆದು ಪಾಸಾದವರು ನಾವು.

ಆ ರಾತ್ರಿ ಓದಿದ್ದು ಇಷ್ಟು. ಬೆಳಕು ಬರಬೇಕಾದರೆ ಎಲೆಕ್ಟ್ರಾನ್ ಅನಿಲದ ಕಣಕ್ಕೆ ಹದವಾಗಿ ಹೊಡೆಯಬೇಕು. ಕೇರಂ ಥರ: ಮೆಲ್ಲಗೆ ಹೊಡೆದರೆ ಕಾಯಿ ಪಾಕೆಟ್ ಮುಟ್ಟಲ್ಲ, ಜೋರಾಗಿ ಹೊಡೆದರೆ ಬೋರ್ಡ್ ದಾಟಿ ಹಾರುತ್ತೆ. ಕ್ಯಾಥೋಡಿನಿಂದ ಆಗಷ್ಟೇ ಹೊರಬಿದ್ದ ಎಲೆಕ್ಟ್ರಾನಿಗೆ ಶಕ್ತಿ ಸಾಲದು, ಅಲ್ಲೊಂದು ಕೂದಲೆಳೆಯಷ್ಟು ಕತ್ತಲು. ಸ್ವಲ್ಪ ವೇಗ ಬಂದಾಗ ತೆಳ್ಳನೆಯ ಬೆಳಕು. ಆಮೇಲೆ ವೇಗ ಹದ ಮೀರುತ್ತದೆ. ಈಗ ಅದು ಕಣವನ್ನು ಬೆಳಗಿಸುವುದಕ್ಕಿಂತ ಹೆಚ್ಚಾಗಿ ಒಡೆಯುತ್ತದೆ, ಇನ್ನೊಂದು ಎಲೆಕ್ಟ್ರಾನನ್ನು ಕಿತ್ತು ಬಿಸಾಡುತ್ತದೆ. ಹುಡುಗ ಬೆರಳು ತೋರಿಸಿದ್ದು ಈ ಕಪ್ಪಿಗೆ. ಉಳಿದ ಧನ ಅಯಾನುಗಳು ತಿರುಗಿ ಬಂದು ಕ್ಯಾಥೋಡಿಗೆ ಗುದ್ದುತ್ತವೆ, ಹೊಸ ಎಲೆಕ್ಟ್ರಾನುಗಳು ಹೊರಬರುತ್ತವೆ. ಇಡೀ ಕೊಳವೆ ಉರಿಯುತ್ತಿರುವುದೇ ಈ ಗುದ್ದಾಟದಿಂದ. ನೀಲಿ ಬೆಳಕಿನ ಆಚೆಗಿನ ಅಗಲವಾದ ಕಪ್ಪಿಗೆ ಕಾರಣ ಉಲ್ಟಾ: ಅಷ್ಟು ಹೊತ್ತಿಗೆ ಎಲೆಕ್ಟ್ರಾನುಗಳು ಸುಸ್ತಾಗಿರುತ್ತವೆ.

ನಾವು ದಂಗಾದದ್ದು ವೋಲ್ಟೇಜ್ ಗ್ರಾಫ್ ನೋಡಿ. ಕ್ಯಾಥೋಡಿನ ಬಳಿಯ ಆ ಸಣ್ಣ ಕಪ್ಪು ಜಾಗದಲ್ಲೇ ನೂರಾರು ವೋಲ್ಟ್ ಇಳಿದುಹೋಗುತ್ತದೆ. ನಾವು ದಿನವಿಡೀ ತೋರಿಸಿದ ಗುಲಾಬಿ ಬರೀ ದಾರಿ. ಆನೋಡನ್ನು ಹತ್ತಿರ ತಂದರೆ ಕುಗ್ಗುವುದು ಗುಲಾಬಿ, ಪೂರ್ತಿ ಮಾಯವಾದರೂ ಕೊಳವೆ ಆರುವುದಿಲ್ಲ. ಕ್ಯಾಥೋಡಿನ ಕಪ್ಪು ಅಲುಗದೆ ಹಾಗೇ ನಿಂತಿರುತ್ತದೆ. ಅದಕ್ಕೂ ಜಾಗ ಕೊಡದಷ್ಟು ಹತ್ತಿರ ತಂದರೆ ಆಗ ಆರುತ್ತದೆ. ನಮ್ಮೆಲ್ಲರ ಜೇಬಿನಲ್ಲಿರುವ ಲೈನ್ ಟೆಸ್ಟರಿನ ನಿಯಾನ್ ಬಲ್ಬು ಅಂಥದ್ದೇ. ಕಡ್ಡಿಗಳು ಎಷ್ಟು ಹತ್ತಿರ ಅಂದರೆ ಗುಲಾಬಿಯ ಭಾಗಕ್ಕೆ ಅಲ್ಲಿ ಜಾಗವೇ ಇಲ್ಲ, ಕಿತ್ತಳೆಯಾಗಿ ಕಾಣುವುದು ಕ್ಯಾಥೋಡಿನ ಪಕ್ಕದ ಬೆಳಕು ಮಾತ್ರ.

ಇನ್ನೊಂದು ಮಜಾ ಇದೆ. ಬೆಳಕಿನ ಭಾಗಗಳಿಗೆ ನಮ್ಮ ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ, ಕತ್ತಲಿಗೆಲ್ಲ ಇದೆ. ಅಗಲವಾದದ್ದು ಫ್ಯಾರಡೆಯದು, 1838ರದ್ದು. ನಡುವಿನದು ಕ್ರೂಕ್ಸ್ ಹೆಸರಿನಲ್ಲಿದೆ, ಜರ್ಮನ್ನರು ಹಿಟ್ಟಾರ್ಫ್ ಅನ್ನುತ್ತಾರೆ. ಕೂದಲೆಳೆಯದು ಆಸ್ಟನ್, 1908ರಲ್ಲಿ ಕಂಡದ್ದು. ಐಸೋಟೋಪುಗಳ ಕೆಲಸಕ್ಕೆ 1922ರ ನೊಬೆಲ್ ಪಡೆದ ಅದೇ ಆಸ್ಟನ್. ಫ್ಯಾರಡೆಯಾದ ಮೇಲೆ 70 ವರ್ಷ ಅಷ್ಟು ಜನ ಬಗ್ಗಿ ನೋಡಿದ ಕೊಳವೆಯಲ್ಲಿ ಒಂದು ಕಪ್ಪು ಗೆರೆ ಹಾಗೇ ಉಳಿದಿತ್ತು ಅನ್ನೋದು ನಮಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಮಾರನೇ ದಿನ ನಾವೇ ಮಕ್ಕಳನ್ನು ಕೇಳಿದೆವು: "ವೋಲ್ಟೇಜೆಲ್ಲ ಎಲ್ಲಿ ಖರ್ಚಾಗ್ತಿದೆ ಹೇಳಿ?" ಎಲ್ಲರ ಬೆರಳೂ ಗುಲಾಬಿಗೆ. ಪಂಪನ್ನು ಇನ್ನಷ್ಟು ಓಡಿಸಿ ಕಪ್ಪು ಬೆಳೆಯುವುದನ್ನು ತೋರಿಸಿದೆವು. ಹಾಗೇ ಇಳಿಸುತ್ತಾ ಹೋದರೆ ಕತ್ತಲು ಕೊಳವೆಯನ್ನೆಲ್ಲ ನುಂಗಿ ಗಾಜೇ ಹಸಿರಾಗಿ ಹೊಳೆಯುತ್ತದೆ. ಲ್ಯಾಬ್ ಅಟೆಂಡರ್ ಅಣ್ಣ ಅಷ್ಟಕ್ಕೆ ಬಿಡಲಿಲ್ಲ. "ಮಕ್ಕಳಿದ್ದಾರೆ, ಸಾಕು ನಿಲ್ಸಿ" ಅಂದರು. 1895ರಲ್ಲಿ ರಾಂಟ್‌ಜನ್‌ಗೆ ಎಕ್ಸ್-ರೇ ಸಿಕ್ಕಿದ್ದು ಅಂಥ ಕೊಳವೆಯಿಂದಲೇ, ಅವರು ಹೇಳಿದ್ದು ಸರಿ.

ಹಿಂದಿನ ದಿನದ ಹುಡುಗ ಬರಲಿಲ್ಲ. ರಿಜಿಸ್ಟರ್ ನೋಡಿದೆವು, ಹನ್ನೊಂದು ಶಾಲೆ ಬಂದಿದ್ದವು. ನೀಲಿ ಚೆಕ್ಸ್ ಶರ್ಟು, ಎಡಗೈಗೆ ಕೆಂಪು ದಾರ, ಅಷ್ಟೇ ನೆನಪು. ಓದುತ್ತಿರುವ ಯಾರದ್ದಾದರೂ ತಮ್ಮನೋ, ಪಕ್ಕದ ಮನೆಯವನೋ ಆಗಿದ್ದರೆ ದಯವಿಟ್ಟು ಹೇಳಿ: ಅಲ್ಲಿ ಕರೆಂಟ್ ಇದೆ. ಗಾಳಿ ಕಮ್ಮಿ ಅಂದದ್ದು ತಪ್ಪು.